ತಂದೆಯ ಕಡೆಯಿಂದಲೂ ಬರಬಹುದು

ಚಾಮರಾಜಪೇಟೆಯ ಆ ಮನೆಯಲ್ಲಿ ಹೆಣ್ಣುಮಕ್ಕಳು ನಲವತ್ತೈದು ದಾಟುವುದಿಲ್ಲ ಎಂಬ ಮಾತು ಬೀದಿಗೆಲ್ಲ ಗೊತ್ತಿತ್ತು. ಎದುರಿಗೆ ಯಾರೂ ಆಡುತ್ತಿರಲಿಲ್ಲ. ಹೂವು ಕೊಳ್ಳುವಾಗ, ನೀರಿಗೆ ನಿಂತಾಗ, ದನಿ ತಗ್ಗಿಸಿ ಆಡಿಕೊಳ್ಳುತ್ತಿದ್ದರು. ಮನೆಯ ಯಜಮಾನ ಸಿದ್ದಬಸಪ್ಪನವರ ತಾಯಿ ನಲವತ್ತನಾಲ್ಕಕ್ಕೆ ಹೋದರು. ಅಕ್ಕ ಪಾರ್ವತಮ್ಮ ನಲವತ್ತೊಂದಕ್ಕೇ ಹೋದರು. ಉಳಿದವಳು ತಂಗಿ ಮಹಾನಂದ ಒಬ್ಬಳು. 2005ರ ಆ ಚಳಿಗಾಲಕ್ಕೆ ಅವಳಿಗೆ ನಲವತ್ತಮೂರು ತುಂಬಿತ್ತು.

ಮಹಾನಂದ ಮದುವೆಯಾದ ಎರಡನೇ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಮುಂದೆ ಅತ್ತಿಗೆ ಕಾಮಾಲೆಯಲ್ಲಿ ತೀರಿಕೊಂಡಾಗ ಮೂರು ವರ್ಷದ ಕೂಸು ತನುಶ್ರೀ ಇವಳ ಮಡಿಲಿಗೆ ಬಂತು. ಆ ಕೂಸಿಗೆ ಈಗ ಇಪ್ಪತ್ತೈದು. ಬಸವನಗುಡಿಯ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಳು.

ಸಿದ್ದಬಸಪ್ಪನವರದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ. ಅಚ್ಚಾಗಿ ಬಂದ ಕಾರ್ಡುಗಳಲ್ಲಿ ಕೆಲವಕ್ಕೆ ಕೆಂಪು ರೇಷ್ಮೆ ದಾರದ ಕುಚ್ಚು ಕಟ್ಟಬೇಕಾಗುತ್ತಿತ್ತು. ಅದು ಮಹಾನಂದಳ ಕೆಲಸ. ಮಧ್ಯಾಹ್ನ ಊಟವಾದ ಮೇಲೆ ಪಡಸಾಲೆಯ ಕಿಟಕಿಯ ಪಕ್ಕ ಕೂರುತ್ತಿದ್ದಳು. ಕಂಬಿಗಳ ನಡುವಿನಿಂದ ಬಿಸಿಲು ಬಂದು ಬಂಗಾರದ ಅಕ್ಷರಗಳ ಮೇಲೆ ಬೀಳುತ್ತಿತ್ತು. ಗೊತ್ತಿಲ್ಲದವರ ಹೆಸರುಗಳನ್ನು ಓದುತ್ತಾ, ಈ ಹುಡುಗಿ ಹೇಗಿರಬಹುದು, ಈ ಹುಡುಗ ನಗುವಾಗ ಹೇಗೆ ಕಾಣಬಹುದು ಎಂದು ಯೋಚಿಸುತ್ತಾ ಕುಚ್ಚು ಕಟ್ಟುತ್ತಿದ್ದಳು. ಹಾಗೇ ಕಣ್ಣು ಮಂಜಾಗುತ್ತಿತ್ತು. ಗೋಡೆಗೆ ಒರಗಿದ ತಲೆ ವಾಲುತ್ತಿತ್ತು.

ಆಗ ಒಂದು ಕನಸು ಬೀಳುತ್ತಿತ್ತು. ಯಾವಾಗಲೂ ಅದೇ ಕನಸು. ಹಿತ್ತಲಲ್ಲಿ ಅಮ್ಮ ಅಕ್ಕಿ ತೊಳೆಯುತ್ತಾ ಕುಳಿತಿರುತ್ತಾರೆ. ತೊಳೆದ ನೀರು ಹಾಲಿನ ಹಾಗೆ ಕಲ್ಲಿನ ಮೇಲೆ ಹರಿದು, ತುಂಬೆಯ ಗಿಡಗಳ ಬುಡ ಸೇರುತ್ತದೆ. "ಅಮ್ಮಾ" ಎಂದು ಇವಳು ಕರೆಯುತ್ತಾಳೆ. ಅಮ್ಮ ತಿರುಗುವುದಿಲ್ಲ. ಪಕ್ಕದಲ್ಲಿ ನಿಂತ ಅಕ್ಕ ಪಾರ್ವತಿ ಬಾಯಿಯ ಮೇಲೆ ಬೆರಳಿಟ್ಟು, ಸುಮ್ಮನಿರು ಎಂದು ಸನ್ನೆ ಮಾಡುತ್ತಾಳೆ. ಅಷ್ಟರಲ್ಲಿ ಎಚ್ಚರವಾಗುತ್ತದೆ. ಮಡಿಲಲ್ಲಿ ಕೆಂಪು ದಾರ, ಕಾರ್ಡುಗಳು, ಕಿಟಕಿಯಾಚೆ ತರಕಾರಿ ಗಾಡಿಯವನ ಕೂಗು.

ಒಂದು ದಿನ ಸ್ನಾನ ಮಾಡುವಾಗ ಎಡಗಡೆಯ ಸ್ತನದಲ್ಲಿ ಬೆರಳಿಗೆ ಏನೋ ತಾಕಿತು. ಅವರೆಕಾಳಿನಷ್ಟು ದೊಡ್ಡದು. ಒತ್ತಿದರೆ ನೋವಿಲ್ಲ. ಬಚ್ಚಲಲ್ಲಿ ಹಬೆ ತುಂಬಿಕೊಂಡಿತ್ತು. ಇದೂ ಆ ಕನಸಿನದೇ ಒಂದು ತುಣುಕು ಎನ್ನುವ ಹಾಗೆ ಮೈಮೇಲೆ ನೀರು ಸುರಿದುಕೊಂಡು, ಸೀರೆ ಉಟ್ಟು ಹೊರಗೆ ಬಂದಳು. ಯಾರಿಗೂ ಹೇಳಲಿಲ್ಲ. ಮಲ್ಲೇಶ್ವರದ ಹುಡುಗ ಕೇದಾರ್‌ನ ಕಡೆಯವರು ಆಗಷ್ಟೇ ತನುಶ್ರೀಯನ್ನು ನೋಡಿಕೊಂಡು ಹೋಗಿದ್ದರು. ಹುಡುಗ ಪಾಲಿಟೆಕ್ನಿಕ್‌ನಲ್ಲಿ ಮೇಷ್ಟ್ರು. ಒಳ್ಳೆಯ ಮನೆ. ಇಂಥ ಹೊತ್ತಿನಲ್ಲಿ ಈ ಮನೆಯ ಕಾಯಿಲೆಯ ಮಾತು ಎತ್ತುವುದೆಂತು? ಆರು ವಾರ ಹಾಗೇ ಕಳೆಯಿತು.

ಪಕ್ಕದ ಮನೆಯ ದಾಕ್ಷಾಯಣಮ್ಮ ನರ್ಸ್ ಕೆಲಸದಿಂದ ನಿವೃತ್ತರಾದವರು. ಜನವರಿಯ ಒಂದು ಮಧ್ಯಾಹ್ನ ಹಿತಕಿದ ಬೇಳೆ ಸಾರು ತಂದುಕೊಟ್ಟು, ತಾವೂ ಒಂದು ಕಟ್ಟು ಕಾರ್ಡು ಎಳೆದುಕೊಂಡು ಕುಚ್ಚು ಕಟ್ಟಲು ಕುಳಿತರು.

ಮಹಾನಂದ ಅರೆನಿದ್ದೆಯಲ್ಲಿದ್ದವಳ ಹಾಗೆ ಹೇಳಿದಳು: "ದಾಕ್ಷಾಯಣಮ್ಮ, ನಂಗೊಂದು ಕನಸು ಬೀಳತ್ತೆ. ಅಮ್ಮ ಅಕ್ಕಿ ತೊಳೀತಾ ಕೂತಿರ್ತಾರೆ. ಕರೆದ್ರೆ ತಿರುಗೋದೇ ಇಲ್ಲ. ಎಚ್ಚರ ಆದ್ಮೇಲೆ ಅಮ್ಮ ಇರಲ್ಲ, ಆದ್ರೆ ಇಲ್ಲಿ ಒಂದು ಕಾಳು ಇರತ್ತೆ."

ಅವಳ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ದಾಕ್ಷಾಯಣಮ್ಮ ಕೈಲಿದ್ದ ದಾರ ಕೆಳಗಿಟ್ಟರು.

"ಕಾಳು ಕನಸಲ್ಲಿ ಇರತ್ತೋ, ಮೈಯಲ್ಲಿ ಇರತ್ತೋ?"

ಮಹಾನಂದ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಮಹಾ, ನನ್ನ ಮುಖ ನೋಡು. ಎಷ್ಟು ದಿನ ಆಯ್ತು?"

"ಒಂದೂವರೆ ತಿಂಗಳು ಆಗಿರ್ಬೇಕು. ಆದ್ರೆ ಸ್ವಲ್ಪಾನೂ ನೋಯಲ್ಲ. ನೋಯ್ದೆ ಇದ್ರೆ ಏನೂ ಇಲ್ಲ ಅಂತಾರಲ್ಲ?"

"ಯಾರು ಹೇಳಿದ್ದು? ಶುರುನಲ್ಲಿ ಅದು ನೋಯೋದೇ ಅಪರೂಪ ಕಣೇ. ನೋವಿಲ್ಲ ಅಂತಾನೇ ಹೆಂಗಸ್ರು ಸುಮ್ನಿದ್ದುಬಿಡ್ತಾರೆ. ಗಂಟುಗಳೆಲ್ಲಾ ಕ್ಯಾನ್ಸರ್ ಅಲ್ಲ, ಹೆಚ್ಚಿನವು ಏನೂ ಆಗಿರಲ್ಲ. ಆದ್ರೆ ಅದನ್ನ ಡಾಕ್ಟ್ರು ನೋಡಿ ಹೇಳ್ಬೇಕು. ನೀನು ಹೇಳೋ ಹಾಗಿಲ್ಲ, ನಾನೂ ಹೇಳೋ ಹಾಗಿಲ್ಲ."

"ತನು ಮದ್ವೆ ಒಂದು ಆಗ್ಬಿಡ್ಲಿ..."

"ನಿಮ್ಮಕ್ಕ ಎಷ್ಟು ತಿಂಗಳು ಹೀಗೇ ಮುಚ್ಚಿಟ್ಕೊಂಡಿದ್ಲು?"

ಪಾರ್ವತಮ್ಮ ಏಳು ತಿಂಗಳು ಮುಚ್ಚಿಟ್ಟಿದ್ದರು. ಮಹಾನಂದಳಿಗೆ ಅದು ಚೆನ್ನಾಗಿ ನೆನಪಿತ್ತು. ಅವಳ ಕಣ್ಣಿನಿಂದ ಎರಡು ಹನಿ ಕಾರ್ಡಿನ ಮೇಲೆ ಬಿದ್ದು ಬಂಗಾರದ ಅಕ್ಷರ ಮಸುಕಾಯಿತು.

ಮರುದಿನ ಬೆಳಿಗ್ಗೆಯೇ ದಾಕ್ಷಾಯಣಮ್ಮ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದರು. ಸ್ಕ್ಯಾನ್ ಆಯಿತು. ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ನಾಲ್ಕು ದಿನದ ಮೇಲೆ, ವಿಷಯ ತಿಳಿದು ಜೊತೆಗೆ ಬಂದಿದ್ದ ಅಣ್ಣನ ಎದುರಿಗೆ ಡಾಕ್ಟರು ಹೇಳಿದರು: ಕ್ಯಾನ್ಸರ್ ಹೌದು, ಆದರೆ ಇನ್ನೂ ಚಿಕ್ಕದು, ಕಂಕುಳಿಗೆ ಹರಡಿಲ್ಲ. ಚಿಕಿತ್ಸೆ ಕೊಟ್ಟರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ಆಮೇಲೆ ಅವರು ಕೇಳಿದ ಪ್ರಶ್ನೆ ಸಿದ್ದಬಸಪ್ಪನವರಿಗೆ ಹಿಡಿಸಲಿಲ್ಲ.

"ಮನೇಲಿ ಬೇರೆ ಯಾರಿಗಾದ್ರೂ ಹೀಗಾಗಿತ್ತಾ?"

ಅದೇ ಆಸ್ಪತ್ರೆಯ ಕೊನೆಯ ಕೋಣೆಯಲ್ಲಿ ಅಲಮೇಲು ಎಂಬ ಸಲಹೆಗಾರ್ತಿ ಇದ್ದರು. ವಂಶದಲ್ಲಿ ಬರುವ ಕಾಯಿಲೆಗಳ ಬಗ್ಗೆ ಜನರಿಗೆ ತಿಳಿಸಿ ಹೇಳುವುದೇ ಅವರ ಕೆಲಸ. ಕಿಟಕಿಯ ಹೊರಗೆ ದೊಡ್ಡ ಮರವಿತ್ತು. ಎಲೆಗಳ ನೆರಳು ಮೇಜಿನ ಮೇಲೆ ಮೆಲ್ಲಗೆ ಅಲುಗಾಡುತ್ತಿತ್ತು. ಅಲಮೇಲು ಒಂದು ದೊಡ್ಡ ಹಾಳೆ ತೆಗೆದು, ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ ಬರೆಯುತ್ತಾ ಹೋದರು. ಅಜ್ಜಿ, ತಾಯಿ, ಸೋದರಮಾವ, ಅಕ್ಕ, ತಂಗಿ. ಕಾಯಿಲೆ ಬಂದವರ ಸೊನ್ನೆಗೆ ಪೆನ್ಸಿಲಿನಿಂದ ಕಪ್ಪು ತುಂಬಿದರು.

"ಇದೆಲ್ಲಾ ಯಾಕೆ ಮೇಡಂ?" ಎಂದರು ಸಿದ್ದಬಸಪ್ಪ. ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. "ಅಮ್ಮಂಗೆ ಆಗಿದ್ದು ಹೊಟ್ಟೆ ಕಾಯ್ಲೆ. ಹೊಟ್ಟೇಲಿ ನೀರು ತುಂಬ್ಕೊಂಡಿತ್ತು. ಅಕ್ಕಂಗೆ ಎದೇಲಿ. ಅದೇ ಬೇರೆ, ಇದೇ ಬೇರೆ. ನಮ್ಮ ಮನೆ ಮೇಲೆ ಯಾರದೋ ಶಾಪ ಇದೆ ಅಂತ ಹಿರಿಯರು ಹೇಳ್ತಿದ್ರು."

"ನಿಮ್ಮ ತಾಯಿಗೆ ಆಗಿದ್ದು ಅಂಡಾಶಯದ ಕ್ಯಾನ್ಸರ್ ಇರಬಹುದು ಸರ್. ಅದರಲ್ಲೂ ಹೀಗೆ ಹೊಟ್ಟೇಲಿ ನೀರು ತುಂಬ್ಕೊಳತ್ತೆ. ಎರಡೂ ಬೇರೆ ಅಂತ ಕಾಣತ್ತೆ, ಆದ್ರೆ ಕೆಲವು ಮನೆಗಳಲ್ಲಿ ಎರಡಕ್ಕೂ ಕಾರಣ ಒಂದೇ ಆಗಿರತ್ತೆ. ನೀವು ಏನ್ ಕೆಲಸ ಮಾಡ್ತೀರಿ?"

"ಲಗ್ನಪತ್ರಿಕೆ ಅಂಗಡಿ."

"ಮೂಲ ಪ್ರತೀಲಿ ಒಂದಕ್ಷರ ತಪ್ಪಿದ್ರೆ ಏನಾಗತ್ತೆ?"

"ಅಚ್ಚಾಗೋ ಕಾರ್ಡಲ್ಲೆಲ್ಲಾ ಅದೇ ತಪ್ಪು ಬರತ್ತೆ."

"ನಮ್ಮ ಮೈಯೊಳಗೂ ಬರಹ ಇರತ್ತೆ ಸರ್. ಅದರ ಒಂದೊಂದು ಪಾಠಕ್ಕೂ ಜೀನ್ ಅಂತಾರೆ, ವಂಶವಾಹಿ ಅಂತಾನೂ ಅಂತಾರೆ. ಪ್ರತಿಯೊಂದು ಪಾಠಕ್ಕೂ ಎರಡು ಪ್ರತಿ. ಒಂದು ತಾಯಿಯಿಂದ ಬಂದಿದ್ದು, ಇನ್ನೊಂದು ತಂದೆಯಿಂದ ಬಂದಿದ್ದು. ಕ್ಯಾನ್ಸರ್ ಆಗ್ದೇ ಇರೋ ಹಾಗೆ ಮೈಯನ್ನ ಕಾಯೋ ಜೀನುಗಳು ಕೆಲವು ಇವೆ. ಅಂಥದ್ರಲ್ಲಿ ಒಂದು ಪ್ರತೀಲಿ ತಪ್ಪಿದ್ರೆ ಕಾವಲು ಸಡಿಲ ಆಗತ್ತೆ. ಆ ತಪ್ಪು ಇರೋ ತಂದೆಯಿಂದಾಗ್ಲಿ ತಾಯಿಯಿಂದಾಗ್ಲಿ, ಪ್ರತಿ ಮಗೂಗೂ ಅದು ಬರೋ ಸಾಧ್ಯತೆ ಅರ್ಧಕ್ಕರ್ಧ."

ಸಿದ್ದಬಸಪ್ಪನವರು ನಕ್ಕರು. ಅದರಲ್ಲಿ ಸ್ವಲ್ಪ ಕೋಪವೂ ಇತ್ತು.

"ನಾನು ಗಂಡಸು ಮೇಡಂ. ಹೆಂಗಸರ ಕಾಯ್ಲೆ ನನ್ನ ಮೂಲಕ ನನ್ನ ಮಗಳಿಗೆ ಹೇಗ್ರೀ ಹೋಗತ್ತೆ?"

ಅಲಮೇಲು ಬಾಗಿಲ ಬಳಿ ನಿಂತಿದ್ದ ತನುಶ್ರೀಯನ್ನು ನೋಡಿದರು. "ನಿಮ್ಮ ಮಗಳ ಮೂಗು ಯಾರ ಹಾಗಿದೆ?"

"ನಮ್ಮಮ್ಮನ ಹಾಗೇ. ನೋಡಿದೋರೆಲ್ಲ ಹೇಳ್ತಾರೆ."

"ನಿಮ್ಮಮ್ಮನ ಮೂಗು ಆ ಹುಡುಗೀಗೆ ಯಾರ ಮೂಲಕ ಬಂತು?"

ಸಿದ್ದಬಸಪ್ಪನವರ ಕೈ ತಮ್ಮ ಮೂಗಿನ ಹತ್ತಿರ ಹೋಗಿ ಹಾಗೇ ನಿಂತಿತು.

"ಇನ್ನೊಂದು ಮಾತು ಹೇಳ್ತೀನಿ, ಹೆದರ್ಬೇಡಿ," ಎಂದರು ಅಲಮೇಲು. "ನೂರು ಹೆಂಗಸರಿಗೆ ಸ್ತನ ಕ್ಯಾನ್ಸರ್ ಬಂದ್ರೆ, ಐದರಿಂದ ಹತ್ತು ಜನಕ್ಕೆ ಮಾತ್ರ ಹೀಗೆ ವಂಶದಿಂದ ಬಂದಿರತ್ತೆ. ನಿಮ್ಮ ಮನೇಲಿ ಮೂರು ಜನಕ್ಕೆ, ಅದೂ ಚಿಕ್ಕ ವಯಸ್ಸಲ್ಲಿ ಬಂದಿದೆ. ಅದಕ್ಕೇ ಕೇಳ್ತಿದೀನಿ. ಮೊದಲು ಮಹಾನಂದ ಅವರ ರಕ್ತ ಪರೀಕ್ಷೆ ಮಾಡೋಣ. ಇದು ಯಾರ ಪಾಪಾನೂ ಅಲ್ಲ, ಯಾರ ಶಾಪಾನೂ ಅಲ್ಲ."

ಫೆಬ್ರವರಿಯಲ್ಲಿ ಮಹಾನಂದಳ ಆಪರೇಷನ್ ಆಯಿತು. ಆಮೇಲೆ ಮೂರು ವಾರಕ್ಕೊಮ್ಮೆ ಔಷಧಿ ಏರಿಸಿಕೊಳ್ಳಲು ಆಸ್ಪತ್ರೆಗೆ ಹೋಗಬೇಕಿತ್ತು. ಔಷಧಿ ಹನಿಹನಿಯಾಗಿ ನರದೊಳಗೆ ಇಳಿಯುವಾಗ ಮೈ ಹಗುರವಾದಂತೆ ಅನಿಸುತ್ತಿತ್ತು. ಕಣ್ಣು ಮುಚ್ಚಿದರೆ ತಾನು ಚಾಮರಾಜಪೇಟೆಯ ಮೇಲೆ ತೇಲುತ್ತಿರುವ ಹಾಗೆ. ಕೆಳಗೆ ತಾರಸಿಗಳು, ಒಣಹಾಕಿದ ಹಪ್ಪಳ, ಗಾಳಿಗೆ ಉಬ್ಬುವ ಸೀರೆಗಳು, ಯಾರದೋ ಮನೆಯ ರೇಡಿಯೋ. ಕೂದಲು ಉದುರಿತು. ಬಾಯಿ ಹುಣ್ಣಾಯಿತು. ಎರಡು ದಿನ ಏಳಲಾಗದೆ ಮಲಗಿದರೆ ಮೂರನೇ ದಿನ ಗಂಜಿ ಕುಡಿಯುತ್ತಿದ್ದಳು. ಕುಚ್ಚು ಕಟ್ಟಲು ಬೆರಳಲ್ಲಿ ಬಲವಿರಲಿಲ್ಲ. ದಾಕ್ಷಾಯಣಮ್ಮ ಪಕ್ಕದಲ್ಲಿ ಕುಳಿತು ತಾವೇ ಕಟ್ಟುತ್ತಾ, ಕಾರ್ಡಿನಲ್ಲಿದ್ದ ವಧುವರರ ಹೆಸರುಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಮಹಾನಂದ ಕಣ್ಣು ಮುಚ್ಚಿಕೊಂಡೇ, "ಈ ಜೋಡಿ ಚೆನ್ನಾಗಿರತ್ತೆ," ಎನ್ನುತ್ತಿದ್ದಳು.

ತನುಶ್ರೀಯ ನಿಶ್ಚಿತಾರ್ಥ ಮುಂದೆ ಹಾಕಲು ಮಾತ್ರ ಅವಳು ಬಿಡಲಿಲ್ಲ. ಏಪ್ರಿಲ್‌ನಲ್ಲಿ ತಲೆಗೆ ಸೆರಗು ಹೊದ್ದು ತಾನೇ ಎದುರುಗೊಂಡು, ಕೇದಾರ್‌ನ ತಾಯಿಗೆ ಎಲೆ ಅಡಿಕೆ ಕೊಟ್ಟಳು. ಆಪರೇಷನ್ ಆಗಿದೆ ಎಂದು ಅವರಿಗೆ ಗೊತ್ತಿತ್ತು. ಯಾವ ಕಾಯಿಲೆಗೆ ಎಂದು ಸಿದ್ದಬಸಪ್ಪನವರು ಹೇಳಿರಲಿಲ್ಲ.

ರಕ್ತ ಪರೀಕ್ಷೆಯ ಫಲಿತಾಂಶ ಬಂದದ್ದು ಮೇ ತಿಂಗಳಲ್ಲಿ. ಅಲಮೇಲು ಊಹಿಸಿದ್ದು ನಿಜವಾಗಿತ್ತು. ಮಹಾನಂದಳ ಒಂದು ಜೀನಿನಲ್ಲಿ ತಪ್ಪಿತ್ತು.

"ಇನ್ನು ನೀವು ಪರೀಕ್ಷೆ ಮಾಡಿಸ್ಕೋಬೇಕು ಸರ್. ನಿಮ್ಮಲ್ಲಿ ಆ ತಪ್ಪು ಇಲ್ದೇ ಇದ್ರೆ, ನಿಮ್ಮ ಮಗಳಿಗೆ ಈ ಚಿಂತೆ ಇಲ್ಲ. ಇದ್ರೆ ಆಗ ಅವಳೂ ಯೋಚನೆ ಮಾಡ್ಬೇಕು."

ಸಿದ್ದಬಸಪ್ಪನವರು ಒಪ್ಪಲಿಲ್ಲ. ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಸಿಡಿದರು.

"ನಾನ್ ಮಾಡ್ಸಲ್ಲ. ನಿಶ್ಚಿತಾರ್ಥ ಆಗಿದೆ. ಇದು ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋದ್ರೆ ಮುಗೀತು. ಗೊತ್ತಿಲ್ದೇ ಇದ್ರೆ ನೆಮ್ಮದಿಯಾಗಿರ್ಬಹುದು."

"ಯಾರಪ್ಪಾ ನೆಮ್ಮದಿಯಾಗಿದ್ದೋರು?" ತನುಶ್ರೀ ಅಡುಗೆಮನೆಯಿಂದ ಬಂದಳು. "ಅಜ್ಜಿ ನೆಮ್ಮದಿಯಾಗಿದ್ರಾ? ದೊಡ್ಡತ್ತೆ ಏಳು ತಿಂಗಳು ಯಾರ್ಗೂ ಹೇಳ್ದೆ ನೋವು ತಿಂದ್ರು. ಈ ಅತ್ತೆ ನನ್ನ ಮದ್ವೆಗೋಸ್ಕರ ಒಂದೂವರೆ ತಿಂಗಳು ಬಾಯಿ ಮುಚ್ಕೊಂಡಿದ್ರು. ಇನ್ನು ನಾನೂ ಹಾಗೇ ಇರ್ಬೇಕಾ?"

"ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

"ನನ್ನ ಮೈಯಲ್ಲಿ ಏನಿದೆ ಅಂತ ನಂಗೆ ಗೊತ್ತಾಗೋದು ಒಳ್ಳೇದಲ್ವಾಪ್ಪ?"

ಸಿದ್ದಬಸಪ್ಪನವರು ಬಿಟ್ಟ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಅಂಗಡಿಗೆ ಹೊರಟುಬಿಟ್ಟರು. ಎರಡು ತಿಂಗಳು ಆ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಜುಲೈನಲ್ಲಿ ಒಂದು ದಿನ ಅಂಗಡಿಗೆ ಒಬ್ಬ ಹಣ್ಣುಹಣ್ಣು ಮುದುಕರು ಬಂದರು. ಮೊಮ್ಮಗಳ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಅದರ ಕರಡು ನೋಡಲು. ಸಿದ್ದಬಸಪ್ಪನವರು ಅಭ್ಯಾಸದಂತೆ ಕನ್ನಡಕ ಹಾಕಿಕೊಂಡು, ಹುಡುಗಿಯ ಹೆಸರನ್ನು ಒಂದೊಂದೇ ಅಕ್ಷರ ಓದಿದರು. ಹಿರಿಯರ ಕೈಲೂ ಓದಿಸಿದರು. ಮತ್ತೊಮ್ಮೆ ಓದಿ ಅಂತ ಕರಡನ್ನು ಅವರತ್ತ ತಳ್ಳಿದರು.

"ಎಷ್ಟು ಸಲ ಓದ್ಸ್ತೀರಪ್ಪಾ?" ಎಂದು ಹಿರಿಯರು ನಕ್ಕರು.

"ಅಚ್ಚಾದ್ಮೇಲೆ ಗೊತ್ತಾದ್ರೆ ಏನ್ ಪ್ರಯೋಜನ ಸ್ವಾಮಿ? ಮೊದ್ಲೇ ನೋಡ್ಕೋಬೇಕು."

ಹೇಳಿದ ಮೇಲೆ ತಮ್ಮ ಮಾತು ತಮ್ಮ ಕಿವಿಗೇ ಕೇಳಿಸಿತು. ಬೀದಿಯ ಸದ್ದೆಲ್ಲ ಒಂದು ಗಳಿಗೆ ದೂರ ಸರಿದ ಹಾಗಾಯಿತು. ಮುದುಕರು ಕರಡಿಗೆ ಸಹಿ ಹಾಕಿ ಹೋದ ಮೇಲೆ, ಸಿದ್ದಬಸಪ್ಪನವರು ಬಾಗಿಲು ಅರ್ಧ ಎಳೆದು, ಆಸ್ಪತ್ರೆಗೆ ಫೋನ್ ಮಾಡಿ ಅಲಮೇಲು ಅವರನ್ನು ಕೇಳಿದರು: "ಮೇಡಂ, ರಕ್ತ ಕೊಡೋಕೆ ಯಾವಾಗ ಬರ್ಲಿ? ಖಾಲಿ ಹೊಟ್ಟೇಲಿ ಬರ್ಬೇಕಾ?"

ಒಂದು ತಿಂಗಳಲ್ಲಿ ಫಲಿತಾಂಶ ಬಂತು. ಆ ತಪ್ಪು ಅವರಲ್ಲೂ ಇತ್ತು.

ಅಂದು ಸಂಜೆ ಅವರು ಮಹಾನಂದಳ ಮಂಚದ ಅಂಚಿನಲ್ಲಿ ಕುಳಿತು ಚಿಕ್ಕ ಮಗುವಿನ ಹಾಗೆ ಅತ್ತರು. "ನಾನೇ ಕೊಟ್ಟುಬಿಟ್ಟೆನೇನೋ ಮಗೂಗೆ. ನನ್ನ ಕೈಯಾರೆ."

ಮಹಾನಂದಳ ತಲೆಯಲ್ಲಿ ಆಗಷ್ಟೇ ಹೊಸ ಕೂದಲು ಹುಲ್ಲಿನ ಹಾಗೆ ಚಿಗುರುತ್ತಿತ್ತು. ಅಣ್ಣನ ಬೆನ್ನು ಸವರುತ್ತಾ ಹೇಳಿದಳು: "ನಿಂಗೆ ಗೊತ್ತಿತ್ತಾ ಅಣ್ಣ? ಅಮ್ಮಂಗೆ ಗೊತ್ತಿತ್ತಾ? ಅಮ್ಮ ಕೊಟ್ಟಿದ್ದು ಇದೊಂದೇನಾ? ನಿನ್ನ ದನಿ ಅಮ್ಮನದು. ನನ್ನ ಕೈಬೆರಳು ಅಮ್ಮನದು. ಅದ್ರ ಜೊತೇಲಿ ಇದೂ ಬಂತು. ನಂಗೆ ಬೇಗ ಗೊತ್ತಾಯ್ತು, ನಾನು ಕೂತಿದೀನಿ ನೋಡು ನಿನ್ನ ಮುಂದೆ. ತನುಗೆ ಇನ್ನೂ ಬೇಗ ಗೊತ್ತಾಗತ್ತೆ. ಅಷ್ಟೇ ತಾನೇ?"

ಪರೀಕ್ಷೆ ಮಾಡಿಸಿಕೊಳ್ಳುವುದು ಬಿಡುವುದು ತನುಶ್ರೀಗೆ ಸೇರಿದ್ದು, ಯಾರೂ ಒತ್ತಾಯ ಮಾಡಬಾರದು ಎಂದು ಅಲಮೇಲು ಮೊದಲೇ ಹೇಳಿದ್ದರು. ತನುಶ್ರೀ ಒಂದು ವಾರ ಯೋಚಿಸಿ ರಕ್ತ ಕೊಟ್ಟಳು. ಫಲಿತಾಂಶ ಬರುವ ಮೊದಲೇ ಕೇದಾರ್‌ಗೆ ಹೇಳಬೇಕೆಂದು ತೀರ್ಮಾನಿಸಿದಳು.

ಮಲ್ಲೇಶ್ವರದ ಒಂದು ಹೋಟೆಲಿನಲ್ಲಿ ಇಬ್ಬರೂ ಕುಳಿತರು. ಹೊರಗೆ ಮಳೆ ನಿಂತು ಸಂಪಿಗೆ ಮಾರುವವಳು ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ತೆಗೆಯುತ್ತಿದ್ದಳು. ಆ ವಾಸನೆ ಒಳಗಿನ ಕಾಫಿಯ ಹಬೆಯ ಜೊತೆ ಸೇರಿ ಎಲ್ಲವೂ ಸ್ವಲ್ಪ ದೂರದಲ್ಲಿ ನಡೆಯುತ್ತಿರುವ ಹಾಗೆ ಅನಿಸುತ್ತಿತ್ತು. ತನುಶ್ರೀ ಅಜ್ಜಿಯಿಂದ ಶುರುಮಾಡಿ, ತನ್ನ ತನಕ ಎಲ್ಲ ಹೇಳಿದಳು. ಯಾವುದನ್ನೂ ಮುಚ್ಚಿಡಲಿಲ್ಲ.

ಕೇದಾರ್ ಲೋಟವನ್ನು ಬಟ್ಟಲಲ್ಲಿ ತಿರುಗಿಸುತ್ತಾ ಕುಳಿತ. "ನಂಗೆ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ ತನು."

"ಈಗ್ಲೇ ಏನೂ ಹೇಳ್ಬೇಡಿ. ನಿಮ್ಗೆ ಗೊತ್ತಿರ್ಲಿ ಅಂತ ಹೇಳ್ದೆ."

ಹತ್ತೊಂಬತ್ತು ದಿನ ಅವನ ಫೋನ್ ಬರಲಿಲ್ಲ. ತನುಶ್ರೀ ಶಾಲೆಗೆ ಹೋದಳು, ಬಂದಳು, ಮಕ್ಕಳ ಕಾಪಿ ಪುಸ್ತಕ ತಿದ್ದಿದಳು. ಸಿದ್ದಬಸಪ್ಪನವರು ಮಗಳ ಮುಖ ನೋಡಲಾರದೆ ಬೇಗ ಅಂಗಡಿಗೆ ಹೋಗುತ್ತಿದ್ದರು.

ಇಪ್ಪತ್ತನೇ ದಿನ ಭಾನುವಾರ. ಬಾಗಿಲಲ್ಲಿ ಕೇದಾರ್ ನಿಂತಿದ್ದ. ಜೊತೆಗೆ ಅವನ ತಾಯಿ. ಅವರು ನೀರನ್ನೂ ಕುಡಿಯದೆ ನೇರವಾಗಿ ಕೇಳಿದರು.

"ಸಿದ್ದಬಸಪ್ಪನೋರೇ, ನೀವು ಹೇಳ್ದೇ ಇದ್ದಿದ್ರೆ ನಮ್ಗೆ ಗೊತ್ತೇ ಆಗ್ತಿರ್ಲಿಲ್ಲ. ಯಾಕೆ ಹೇಳ್ಸಿದ್ರಿ?"

"ನಾನು ಹೇಳ್ಸ್ಲಿಲ್ಲಮ್ಮ. ನಾನು ಮುಚ್ಚಿಡೋಣ ಅಂತಾನೇ ಇದ್ದೆ. ನನ್ನ ಮಗಳು ಬಿಡ್ಲಿಲ್ಲ."

ಆ ತಾಯಿ ತನುಶ್ರೀಯನ್ನು ಬಹಳ ಹೊತ್ತು ನೋಡಿದರು. ಕೇದಾರ್ ನೆಲ ನೋಡುತ್ತಾ ಹೇಳಿದ: "ನಂಗೆ ಭಯ ಆಯ್ತು. ಅದಕ್ಕೇ ಫೋನ್ ಮಾಡ್ಲಿಲ್ಲ. ತಪ್ಪಾಯ್ತು. ಆಮೇಲೆ ನಾನೇ ಆ ಆಸ್ಪತ್ರೆಗೆ ಹೋಗಿ ಅಲಮೇಲು ಮೇಡಂನ ನೋಡ್ದೆ. ನಿಮ್ಮ ವಿಷ್ಯ ಒಂದಕ್ಷರ ಹೇಳ್ಲಿಲ್ಲ ಅವ್ರು. ಕಾಯ್ಲೆ ವಿಷ್ಯ ಮಾತ್ರ ಒಂದು ಗಂಟೆ ಹೇಳಿದ್ರು. ಅಮ್ಮನ್ನೂ ಇನ್ನೊಂದು ಸಲ ಕರ್ಕೊಂಡು ಹೋಗಿದ್ದೆ."

"ನಂಗಿನ್ನೂ ಪೂರ್ತಿ ಧೈರ್ಯ ಬಂದಿಲ್ಲ," ಎಂದರು ತಾಯಿ. "ಸುಳ್ಳು ಯಾಕೆ ಹೇಳ್ಲಿ? ಆದ್ರೆ ಮುಚ್ಚಿಡ್ದೇ ಇರೋ ಹುಡುಗೀನ ಬಿಟ್ಕೊಡೋಕೂ ಮನಸ್ಸು ಬರ್ಲಿಲ್ಲ." ಆಮೇಲೆ ಮಹಾನಂದಳ ಕಡೆ ತಿರುಗಿ ಕೇಳಿದರು: "ಈಗ ನೀವು ಹೇಗಿದೀರಮ್ಮ? ಸ್ವಲ್ಪ ನೀರು ಕೊಡ್ತೀರಾ?"

ಫಲಿತಾಂಶ ತಿಳಿಯಲು ತನುಶ್ರೀ ಹೋದಾಗ ಕೇದಾರ್ ಜೊತೆಗೇ ಇದ್ದ. ತಪ್ಪು ಅವಳಲ್ಲೂ ಇತ್ತು. ಅಲಮೇಲು ಅವಳ ಕೈ ಹಿಡಿದುಕೊಂಡು ನಿಧಾನವಾಗಿ ಹೇಳಿದರು.

"ಇದು ಕಾಯ್ಲೆ ಅಲ್ಲ ತನುಶ್ರೀ. ಕಾಯ್ಲೆ ಬರೋ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಬಂದೇ ಬರತ್ತೆ ಅಂತಲ್ಲ. ಪ್ರತಿ ತಿಂಗಳು ಸ್ತನದಲ್ಲಿ ಗಂಟು ಇದ್ಯಾ ಅಂತ ನೀವೇ ನೋಡ್ಕೊಳ್ಳಿ. ಆರು ತಿಂಗಳಿಗೊಮ್ಮೆ ಡಾಕ್ಟ್ರ ಹತ್ರ ತೋರ್ಸಿ. ವರ್ಷಕ್ಕೊಮ್ಮೆ ಸ್ಕ್ಯಾನ್ ಆಗ್ಬೇಕು. ಮಕ್ಕಳಾದ್ಮೇಲೆ ಅಂಡಾಶಯ ತೆಗೆಸೋದರ ಬಗ್ಗೆ ಕೂತು ಮಾತಾಡೋಣ. ನಿಮ್ಮತ್ತೆಗೂ ಅದನ್ನೇ ಹೇಳಿದೀವಿ. ನಿಮ್ಮ ತಂದೇನೂ ಆಗಾಗ ತೋರಿಸ್ಕೋಬೇಕು, ಗಂಡಸರೂ ಎದೇಲಿ ಗಂಟು ಕಂಡ್ರೆ ಬಿಡೋ ಹಾಗಿಲ್ಲ. ನಿಮ್ಮಜ್ಜಿಗೆ ಸಿಗದ ಸಮಯ ನಿಮ್ಗೆ ಸಿಕ್ಕಿದೆ."

ತನುಶ್ರೀ ಸ್ವಲ್ಪ ಅತ್ತಳು. ಹೊರಗೆ ಬಂದ ಮೇಲೆ ತುಂಬಾ ಹಸಿವಾಗುತ್ತಿದೆ ಎಂದಳು. ಇಬ್ಬರೂ ಗಾಂಧಿ ಬಜಾರಿನಲ್ಲಿ ದೋಸೆ ತಿಂದರು. ಮರುವರ್ಷದ ವೈಶಾಖದಲ್ಲಿ ಅವರ ಮದುವೆಯಾಯಿತು. ಕಾರ್ಡುಗಳಿಗೆಲ್ಲ ಮಹಾನಂದಳೇ ಕುಚ್ಚು ಕಟ್ಟಿದಳು.

ಮದುವೆ ಮುಗಿದು ಎರಡು ವಾರಕ್ಕೆ ಸಿದ್ದಬಸಪ್ಪನವರು ಬೆಳಿಗ್ಗೆ ಎದ್ದು ಪೂಜೆ ಮುಗಿಸಿ, ಮೆಜೆಸ್ಟಿಕ್‌ಗೆ ಹೋಗಿ ತಿಪಟೂರಿನ ಬಸ್ಸು ಹತ್ತಿದರು. ತಾಯಿಯ ತವರು ತಿಪಟೂರು. ಸೋದರಮಾವ ಈಗಿಲ್ಲ, ಅವರ ಮಗ ಇದ್ದಾರೆ. ಕಾಯಿಲೆ ತಾಯಿಯ ಕಡೆಯಿಂದ ಬಂದಿದ್ದರೆ ಆ ಮನೆಯಲ್ಲೂ ಇರಬಹುದು, ಅವರಿಗೂ ತಿಳಿಸಿದರೆ ಒಳ್ಳೆಯದು ಎಂದು ಅಲಮೇಲು ಹೇಳಿದ್ದರು. ಯಾರನ್ನು ಕಳಿಸುವುದು ಎಂದು ಮಹಾನಂದ ಯೋಚಿಸುತ್ತಿದ್ದಾಗ, "ನಾನೇ ಹೋಗ್ತೀನಿ," ಎಂದಿದ್ದರು ಸಿದ್ದಬಸಪ್ಪ.

ಬಸ್ಸಿನ ಕಿಟಕಿಯಿಂದ ಬಂದ ಗಾಳಿಗೆ ತೂಕಡಿಸುತ್ತಾ, ಎಚ್ಚರವಾದಾಗಲೆಲ್ಲ ಜೇಬಿನಲ್ಲಿದ್ದ ಹಾಳೆ ಮುಟ್ಟಿ ನೋಡಿಕೊಂಡರು. ಅದರಲ್ಲಿ ಸೊನ್ನೆಗಳು, ಚೌಕಗಳು, ಹೆಸರುಗಳಿದ್ದವು.

ಮಾವನ ಮಗ ಊಟಕ್ಕೆ ಹಾಕಿದರು. ಮಾತು ಕೇಳಿದ ಮೇಲೆ ಮುಖ ಗಂಟು ಹಾಕಿಕೊಂಡರು. "ಭಾವ, ನಿಮ್ಮ ಮನೆ ಕಾಯ್ಲೆ ತಂದು ನಮ್ಮ ಮನೆ ಮೇಲೆ ಹಾಕ್ಬೇಡಿ. ನಮ್ಮಲ್ಲಿ ಅಂಥದ್ದೇನೂ ಇಲ್ಲ."

ಒಂದು ವರ್ಷದ ಹಿಂದೆ ತಾವೂ ಇದೇ ದನಿಯಲ್ಲಿ ಮಾತಾಡಿದ್ದರು. ಸಿದ್ದಬಸಪ್ಪನವರಿಗೆ ಕೋಪ ಬರಲಿಲ್ಲ. "ಆಯ್ತಪ್ಪ. ಇಲ್ದೇ ಇದ್ರೆ ಅದಕ್ಕಿಂತ ಸಂತೋಷ ಏನಿದೆ? ನಂಗೆ ಗೊತ್ತಿದ್ದನ್ನ ಹೇಳ್ದೆ," ಎಂದು ಎದ್ದು ಹೊರಟರು.

ಗೇಟು ದಾಟುವಾಗ ಹಿಂದೆ ಬಳೆಯ ಸದ್ದಾಯಿತು. ಮನೆಯ ಮಗಳು. ಮೂವತ್ತೆರಡರ ಹರೆಯ, ಕಂಕುಳಲ್ಲಿ ಮಗು. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಒಮ್ಮೆ ಮನೆಯ ಕಡೆ ತಿರುಗಿ ನೋಡಿ, ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಮಾವ, ಆ ಮೇಡಂ ನಂಬರ್ ಕೊಡ್ತೀರಾ?"

ಸಿದ್ದಬಸಪ್ಪನವರು ಜೇಬಿನಿಂದ ಪೆನ್ನು ತೆಗೆದರು. ವಂಶದ ಆ ಹಾಳೆ ಬಿಟ್ಟರೆ ಬರೆದುಕೊಡಲು ಬೇರೆ ಚೀಟಿ ಇರಲಿಲ್ಲ. ಅವಳು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿ, ಅಂಗೈ ಚಾಚಿದಳು.

ಓದುತ್ತಿರುವ ಅಕ್ಕ, ತಂಗಿ, ಅಣ್ಣ, ತಮ್ಮಂದಿರೇ, ನಿಮ್ಮ ಮನೆಯವರ ಹೆಸರುಗಳನ್ನೂ ಇಂದೇ ಒಂದು ಹಾಳೆಯಲ್ಲಿ ಬರೆಯಿರಿ. ತಾಯಿಯ ಕಡೆಯವರನ್ನೂ ಬರೆಯಿರಿ, ತಂದೆಯ ಕಡೆಯವರನ್ನೂ ಬರೆಯಿರಿ. ಯಾರು ಯಾವ ವಯಸ್ಸಿನಲ್ಲಿ, ಯಾವ ಕಾಯಿಲೆಯಿಂದ ಹೋದರು ಎಂದು ಹಿರಿಯರನ್ನು ಕೇಳಿ. ಐವತ್ತಕ್ಕೆ ಮೊದಲೇ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದವರಿದ್ದರೆ, ಒಂದೇ ಕಡೆಯಲ್ಲಿ ಇಬ್ಬರು ಮೂವರಿಗೆ ಬಂದಿದ್ದರೆ, ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿ. ಮನೆಯಲ್ಲಿ ಪದೇಪದೇ ರಕ್ತ ಹಾಕಿಸಿಕೊಳ್ಳಬೇಕಾದ ಮಗುವಿದ್ದರೆ, ಗಾಯವಾದರೆ ರಕ್ತ ನಿಲ್ಲದವರಿದ್ದರೆ, ಅದನ್ನೂ ಬರೆಯಿರಿ. ರಕ್ತದ ಎಷ್ಟೋ ಕಾಯಿಲೆಗಳೂ ಹೀಗೆಯೇ ತಂದೆತಾಯಿಯಿಂದ ಬರುತ್ತವೆ. ಮದುವೆಗೆ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿಕೊಂಡರೆ ಅವುಗಳಲ್ಲಿ ಹಲವು ತಿಳಿಯುತ್ತವೆ.

ಸ್ತನದಲ್ಲಿ ಗಂಟು ಸಿಕ್ಕಿದರೆ, ನೋವಿಲ್ಲದಿದ್ದರೂ, ಈ ವಾರವೇ ಡಾಕ್ಟರ ಬಳಿ ಹೋಗಿ. ಮನೆಯಲ್ಲಿ ಮದುವೆಯಿದ್ದರೂ ಹೋಗಿ. ಒಬ್ಬರೇ ಹೋಗಲು ಹೆದರಿಕೆಯಾದರೆ ಪಕ್ಕದ ಮನೆಯವರನ್ನು ಕರೆಯಿರಿ. ಹಾಗೆ ಕರೆಯಲು ಯಾರಾದರೂ ನಿಮ್ಮ ಬಾಗಿಲಿಗೆ ಬಂದರೆ, ಕೈಲಿರುವ ಕೆಲಸ ಬಿಟ್ಟು ಅವರ ಜೊತೆ ಹೊರಡಿ.